ಪರಕಾರ ಉಟ್ಟ ನೆನಪು

ದೇವರನ್ನು ನಂಬುವವರಿಗೆ ಯಾರೂ ಕಾರಣ ಕೇಳುವುದಿಲ್ಲ. ನಂಬದವನು ಮಾತ್ರ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ ಕೂತಾಗಲೂ ಕಾರಣ ಕೊಡಬೇಕು. ವಿಶ್ವವಿದ್ಯಾಲಯದಲ್ಲಿ ಓದಿ, ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ಹೀಗಾದೆ ಎಂದರೆ ಜನ ಆಕಳಿಸುತ್ತಾರೆ. ಅದರ ಬದಲು, ಚಿಕ್ಕವನಿದ್ದಾಗ ದೇವರ ಮನೆಯಲ್ಲಿ ಒಂದು ಭಯಂಕರ ಸಂಗತಿ ನಡೆಯಿತು ಎಂದು ಶುರುಮಾಡಿ ನೋಡಿ, ಕತ್ತರಿ ಹಿಡಿದ ಕೈಯೂ ನಿಲ್ಲುತ್ತದೆ. ನನ್ನ ಬಳಿ ಅಂಥ ಒಂದು ಕತೆಯಿತ್ತು.

ಕತೆ ಇಷ್ಟು. ಭಾಲ್ಕಿಯ ನಮ್ಮ ಮನೆಯಲ್ಲಿ ನವರಾತ್ರಿಗೆ ಅಜ್ಜಿ ಘಟ ಕೂಡಿಸುತ್ತಿದ್ದಳು. ಮಣ್ಣಿನಲ್ಲಿ ಧಾನ್ಯ ಬಿತ್ತಿ, ನಡುವೆ ಗಡಿಗೆ ಇಟ್ಟು, ಪಕ್ಕದಲ್ಲಿ ಒಂಬತ್ತು ದಿನ ಆರದಂತೆ ದೀಪ ಉರಿಸುವುದು. ಹೆಂಗಸರು ಊಟಕ್ಕೆ ಕೂತಾಗ ಅದನ್ನು ಕಾಯಲು ಮಕ್ಕಳಲ್ಲೊಬ್ಬರನ್ನು ಕೂಡಿಸುವರು. "ದೀಪ ಶಾಂತ ಆತಂದ್ರ ದೇವಿ ಮನಿ ಹಿರ್ಯಾನ್ನ ಕರಕೊಂಡು ಹೋಗ್ತಾಳ" ಎಂದು ಅಜ್ಜಿಯ ಎಚ್ಚರಿಕೆ. ಒಂದು ಮಧ್ಯಾಹ್ನ ನಾನು ಕಾಯುತ್ತಿದ್ದಾಗ ಗಾಳಿ ಬೀಸಿ ದೀಪ ಆರಿತು. ಕಡ್ಡಿ ಗೀರಿ ಮತ್ತೆ ಹಚ್ಚಿದೆ, ಯಾರಿಗೂ ಹೇಳಲಿಲ್ಲ. ದೀಪಾವಳಿಯ ಪಾಡ್ಯದ ದಿನ ಅಜ್ಜ ತೀರಿಕೊಂಡ. ಕಡ್ಡಿ ಗೀರುವಾಗ ನನ್ನ ಮೊಣಕಾಲ ಮೇಲೆ ಹಳದಿ ಬಟ್ಟೆಯೊಂದು ಸರಿದಾಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಅದು ದೇವಿಯ ಸೆರಗು ಎಂದುಕೊಂಡು ನಡುಗಿದ್ದೆ ಎನ್ನುವಷ್ಟರಲ್ಲಿ ಕೇಳುವವರೂ ನಡುಗುತ್ತಿದ್ದರು. ದೀಪಕ್ಕೂ ಸಾವಿಗೂ ಸಂಬಂಧವಿಲ್ಲವೆಂದು ತಿಳಿದ ದಿನವೇ ದೇವರನ್ನು ಬಿಟ್ಟೆ ಎಂದು ಮುಗಿಸುತ್ತಿದ್ದೆ.

ಈ ಕತೆಯಿಂದ ನಾನು ಏನೇನು ಮಾಡಿಕೊಂಡಿಲ್ಲ! ಕಾಲೇಜಿನ ವಾರ್ಷಿಕ ಸಂಚಿಕೆಗೆ ಪ್ರಬಂಧವಾಯಿತು. ರೇಡಿಯೊಗೆ ಭಾಷಣವಾಯಿತು; ಅಲ್ಲಿ ಹಳದಿ ಬಣ್ಣ ಕಾಣುವುದಿಲ್ಲವೆಂದು ಗೆಜ್ಜೆಯ ಸಪ್ಪಳ ಸೇರಿಸಿದೆ. ಬೀದರಿನ ಹವ್ಯಾಸಿಗಳು ನಾಟಕ ಮಾಡಿದಾಗ ಅಜ್ಜ ರಂಗದ ಮೇಲೆಯೇ ಸತ್ತ, ಅದೂ ಎಲ್ಲರನ್ನೂ ಹೆಸರು ಹಿಡಿದು ಕರೆದು ಮಾತಾಡಿಸಿದ ಮೇಲೆ. ಒಮ್ಮೆ ಸೇರಿಸಿದ್ದು ಮುಂದಿನ ಸಲಕ್ಕೆ ನೆನಪೇ ಆಗಿಬಿಡುತ್ತಿತ್ತು. ಗೆಜ್ಜೆಯ ಸಪ್ಪಳ ಈಗ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಈ ವರ್ಷ ಅಕ್ಕನ ಮಗ ಸಂಗಮೇಶನ ಸರದಿ. ಅಕ್ಕ ಇರುವುದು ಔರಾದಿನಲ್ಲಿ. ಇವನು ಬೀದರಿನಲ್ಲಿ ಮದುವೆಯ ವಿಡಿಯೊ ತೆಗೆಯುತ್ತಾನೆ. ಕತೆಯನ್ನು ಸಣ್ಣ ಹಾರರ್ ಸಿನಿಮಾ ಮಾಡಿ ಯೂಟ್ಯೂಬಿಗೆ ಹಾಕಿದ. "ಮಾಮಾ, ಕಮೆಂಟ್ ನೋಡ್ರಿ, ಮಂದಿ ನಿಮ್ಮ ಸಲುವಾಗಿ ಅಳ್ಲಿಕತ್ತಾರ!" ಎಂದ. ನಾನೂ ಸ್ವಲ್ಪ ಅತ್ತೆ.

ಮರುದಿನ ಅಕ್ಕನ ಫೋನು.

"ತಮ್ಮಾ, ಸಿನಿಮಾ ನೋಡ್ದೆ. ಛಲೋ ಅದ. ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ. ನೀ ಚಡ್ಡಿ ಹಾಕೋ ಹುಡುಗ. ನಿನ್ನ ಮೊಣಕಾಲ ಮ್ಯಾಲ ಹಳದಿ ಬಟ್ಟಿ ಎಲ್ಲಿಂದ ಬಂತು?"

"ಅದೇ ಗೊತ್ತಿಲ್ಲಕ್ಕಾ..."

"ನನಗ ಗೊತ್ತದ. ಅದು ನಾ ಉಟ್ಟಿದ್ದ ಪರಕಾರ, ಹಳದಿ ಲಂಗ. ದೀಪದ ಮುಂದ ಕುಂತಾಕಿ ನಾನು. ನಿನ್ನೊಬ್ಬನ ಮುಂದ ಹೇಳಿ ಅತ್ತಿದ್ದೆ, ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿದ್ದೆ. ನೀ ಊರಿಗೆಲ್ಲಾ ಹೇಳ್ದಿ, ಅದೂ ನಿಂದೇ ಅಂತ!"

ಸಂಶಯ ಪಡುವುದನ್ನೇ ಕಲಿತು ಕಲಿಸಿದವನು ಸಾಕ್ಷಿಯಿಲ್ಲದೆ ಒಪ್ಪುವುದು ಹೇಗೆ? ಇದನ್ನು ಕೊನೆ ಮುಟ್ಟಿಸಿಯೇ ಸೈ ಎಂದು ನವರಾತ್ರಿಯ ಆರನೆಯ ದಿನ ಭಾಲ್ಕಿಯ ಬಸ್ಸು ಹತ್ತಿದೆ. ಆ ಮನೆಯಲ್ಲಿ ಈಗ ಚಿಕ್ಕಮ್ಮನ ಸಂಸಾರವಿದೆ. ಚಿಕ್ಕಮ್ಮ ನಕ್ಕಳು. "ಆ ನವರಾತ್ರ್ಯಾಗ ನೀ ಎಲ್ಲಿದ್ದೆಪಾ ಇಲ್ಲಿ? ಮಂಗನಬಾವು ಆಗಿ ಗಲ್ಲ ಉಬ್ಬಿಸಿಕೊಂಡು ನಿಮ್ಮವ್ವನ ಜೋಡಿ ಕಮಲನಗರದಾಗ ಬಿದ್ದಿದ್ದಿ." ಅಂದರೆ, ನನ್ನ ಬದುಕಿನ ಏಕೈಕ ಭಯಾನಕ ಅನುಭವ ನಡೆದಾಗ ನಾನೇ ಹಾಜರಿರಲಿಲ್ಲ, ಬೇರೆ ಊರಲ್ಲಿ ಗಂಜಿ ಕುಡಿಯುತ್ತಿದ್ದೆ. ಮಂದಿ ಒಡಹುಟ್ಟಿದವರ ಹೊಲ ನುಂಗುತ್ತಾರೆ. ನಾನು ಅಕ್ಕನ ಸಂಕಟವನ್ನೇ ನುಂಗಿದ್ದೆ.

ಅಲ್ಲಿಂದಲೇ ಔರಾದಿಗೆ ಹೋದೆ. ಅಕ್ಕ ಉಪವಾಸದಲ್ಲಿದ್ದಳು, ಬರಿಗಾಲಲ್ಲಿದ್ದಳು. ಪ್ರತಿ ನವರಾತ್ರಿಯಲ್ಲೂ ಹಾಗೆಯೇ. ಅಜ್ಜಿ ಕೂಡ ಇಷ್ಟು ಕಟ್ಟುನಿಟ್ಟಿನವಳಾಗಿರಲಿಲ್ಲ. ಘಟದ ಪಕ್ಕದಲ್ಲಿ ದೀಪ ಉರಿಯುತ್ತಿತ್ತು. ತಪ್ಪಾಯಿತು, ಸಿನಿಮಾ ತೆಗೆಸಿಹಾಕುತ್ತೇನೆ ಎಂದೆ.

"ಅದಿರಲಿ. ನಿನ್ನ ಕತ್ಯಾಗ ಇನ್ನೊಂದು ತಪ್ಪದ. ಗಾಳಿ ಬೀಸಿರಲಿಲ್ಲ. ನಾನೇ ಊದಿದ್ದೆ."

"ಯಾಕ?"

"ಅಜ್ಜಿ ಹೇಳಿದ್ದು ಖರೇನೋ ಸುಳ್ಳೋ ನೋಡಬೇಕಂತ. ಖರೇ ಅಂತ ಗೊತ್ತಾತು."

ನಮ್ಮ ಮನೆತನದ ನಿಜವಾದ ಸಂಶಯವಾದಿ ಪರಕಾರದ ಆ ಹುಡುಗಿ. ಒಂದೇ ಒಂದು ಪರೀಕ್ಷೆ ಮಾಡಿ, ಬಂದ ಉತ್ತರಕ್ಕೆ ಹೆದರಿ ಇಷ್ಟು ವರ್ಷ ಅನ್ನ ಬಿಟ್ಟಿದ್ದಳು. ಅಜ್ಜನಿಗೆ ಮೊದಲೇ ದಮ್ಮು, ಅದರಲ್ಲೂ ಚಿಲುಮೆ ಬಿಟ್ಟಿರಲಿಲ್ಲ, ದೀಪಕ್ಕೂ ಸಾವಿಗೂ ಸಂಬಂಧವಿಲ್ಲ ಎಂದೆಲ್ಲ ಹೇಳಿದೆ.

"ಇದನ್ನ ಮೈಕ್ ಹಿಡದು ಮಂದಿಗೆಲ್ಲಾ ಹೇಳ್ದಿ," ಎಂದಳು ಅಕ್ಕ. "ನನಗ ಇವತ್ತು ಹೇಳ್ಲಿಕತ್ತಿ."

"ಒಮ್ಮೆ ಆದದ್ದು ಪುರಾವೆ ಅಲ್ಲಕ್ಕಾ. ಮತ್ತೊಮ್ಮೆ ಮಾಡಿ ನೋಡಬೇಕಾಗ್ತದ." ತರಗತಿಯಲ್ಲಿ ಹೇಳಿ ಹೇಳಿ ರೂಢಿಯಾದ ಮಾತು, ಬಾಯಿಂದ ಜಾರಿತು.

ಅಕ್ಕ ದೀಪ ನೋಡಿದಳು, ನನ್ನನ್ನು ನೋಡಿದಳು. "ಈ ದೀಪ ತವರಮನಿ ಹೆಸರಲೆ ಹಚ್ಚೀನಿ. ಅಪ್ಪ ಇಲ್ಲ, ಕಾಕಾ ಇಲ್ಲ. ಮನಿ ಗಂಡಸರಾಗ ಈಗ ಹಿರ್ಯಾ ನೀನೇ. ಊದಲೇನು?"

ನೀರು ಕುಡಿದು ಹೇಳುತ್ತೇನೆಂದು ಹೊರಗೆ ಬಂದೆ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದ್ದೆನೆಂದು ನೆನಪಿತ್ತು. ನನ್ನ ನೆನಪಿನ ಯೋಗ್ಯತೆ ಅವತ್ತೇ ಗೊತ್ತಾಗಿದ್ದರಿಂದ ಇನ್ನೊಂದು ನುಂಗಿದೆ. ಒಳಗೆ ಹೋಗಿ, "ಊದು," ಎಂದೆ.

ಅಕ್ಕ ಊದಿದಳು. ಬತ್ತಿಯ ಹೊಗೆ ಜಂತಿಯವರೆಗೆ ಏರುವುದನ್ನು ಇಬ್ಬರೂ ನೋಡಿದೆವು. "ಪಾಡ್ಯಾತನಕ ನೋಡ್ತೇನಿ," ಎಂದಳು. "ನೀ ಉಳದ್ರ ಮುಂದಿನ ನವರಾತ್ರ್ಯಾಗ ರೊಟ್ಟಿ ತಿಂತೇನಿ, ಕಾಲಾಗ ಚಪ್ಪಲ್ ಹಾಕ್ತೇನಿ."

ಈಗ ಪಾಡ್ಯಕ್ಕೆ ಎಂಟು ದಿನ ಉಳಿದಿವೆ. ದಿನಾ ಬೆಳಿಗ್ಗೆ ಫೋನ್ ಬರುತ್ತದೆ: "ತಮ್ಮಾ, ಇನ್ನೂ ಅದಿಯೇನೋ?" "ಅದೇನಿ ಅಕ್ಕಾ." ಅಷ್ಟರವರೆಗೆ ಸಾಯಬಾರದೆಂದು ನಿರ್ಧರಿಸಿದ್ದೇನೆ. ಸ್ಕೂಟರ್ ಮುಟ್ಟುವುದಿಲ್ಲ, ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತೇನೆ, ಜ್ವರ ಬಂದವರನ್ನು ಮಾತಾಡಿಸುವುದಿಲ್ಲ. "ಹೆದರಿಕಿ ಆಗ್ಯದೇನ್ರಿ?" ಎಂದು ಹೆಂಡತಿ ಕೇಳಿದಳು. ಹೆದರಿಕೆಯಲ್ಲ, ಪ್ರಯೋಗ ಕೆಡಬಾರದು, ಅಕ್ಕನ ರೊಟ್ಟಿಯ ಪ್ರಶ್ನೆ ಎಂದು ಗಟ್ಟಿಯಾಗಿಯೇ ಹೇಳಿದೆ. ಅವಳು ದೇವರ ಮುಂದೆ ನನ್ನ ಹೆಸರಿನಲ್ಲಿ ಒಂದು ದೀಪ ಹಚ್ಚಿಟ್ಟಳು. ಅಕ್ಕನಿಗೆ ಇದು ತಿಳಿಯಕೂಡದೆಂದು ತಾಕೀತು ಮಾಡಿದೆ. ಆಮೇಲೆ ಅವಳು ಅಡುಗೆಮನೆಗೆ ಹೋದಾಗ, ಎಣ್ಣೆ ಸಾಕಷ್ಟಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ ಬಂದೆ.