ಏಳನೆಯ ತೊಟ್ಟಿಯ ಸಾಕ್ಷಿ

ಯೂಫು ಆ ಹಸಿರು ಪೊಟ್ಟಣವನ್ನು ಒಡೆಯಬಾರದಿತ್ತು. ಆದರೆ ಹಿಂದಿನ ದಿನದ ಊಟ ತಪ್ಪಿತ್ತು, ಬೆಳಗಿನ ಐದೂಮುಕ್ಕಾಲಾಗಿತ್ತು, ಅಂಗಡಿ ಇದ್ದದ್ದು ಗುಡ್ಡದ ಕೆಳಗೆ. ಪೊಟ್ಟಣ ಮಾತ್ರ ಕೈಗೆಟಕುವಷ್ಟು ಹತ್ತಿರ, ಗಾಳಿ ಪಂಪಿನ ನೆತ್ತಿಯ ಮೇಲೆ ಕುಳಿತಿತ್ತು.

ಕೀಲುಂಗ್ ಬಂದರಿನ ಆ ಕಡಲ ಸಂಶೋಧನಾಲಯದಲ್ಲಿ ಹನ್ನೆರಡು ತೊಟ್ಟಿಗಳು. ಒಂದೊಂದರಲ್ಲೂ ಒಂದೊಂದು ಕಟಲ್‌ಫಿಶ್, ಅಂದರೆ ಮೈಬಣ್ಣ ಬದಲಿಸುವ ಕಡಲಜೀವಿ ಕಪ್ಪೆಬೊಂಡಾಸ. ಅವುಗಳ ಉಸಿರಿಗೆ ಪಂಪೇ ಆಧಾರ, ಪಂಪಿಗೆ ಆ ಜೋಳದ ಕುರುಕಲಿನ ಪೊಟ್ಟಣವೇ ಆಧಾರ. ಪೊಟ್ಟಣ ಹಸಿರೇ ಆಗಿರಬೇಕು, ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು. ಆಗ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಡಾಕ್ಟರೇಟ್ ಪಡೆದವರೂ ದಿನಾ ಅದರ ತಾರೀಖು ನೋಡಿಯೇ ಕೆಲಸಕ್ಕೆ ಕೂರುತ್ತಿದ್ದರು.

ಯೂಫು ಕೊನೆಯ ಚೂರನ್ನೂ ತಿಂದು, ಬೆರಳು ನೆಕ್ಕಿ, ಆರು ಗಂಟೆಗೆ ಸರಿಯಾಗಿ ರಾತ್ರಿಯ ಕ್ಯಾಮೆರಾ ಆರಿಸಿದ. ಸಹಾಯಕನಾಗಿ ಅದು ಅವನ ಡ್ಯೂಟಿ. ತಿರುಗಿದರೆ ಏಳನೆಯ ತೊಟ್ಟಿಯದು ಅವನನ್ನೇ ನೋಡುತ್ತಿತ್ತು. ಅದರ ಕಂದು ಬೆನ್ನಿನ ನಡುವೆ ಬೆಳ್ಳಗಿನ ಚೌಕವೊಂದು ನಿಧಾನವಾಗಿ ಮೂಡಿತು. ಅಳತೆ, ಆಕಾರ ಎಲ್ಲ ಆ ಪೊಟ್ಟಣದ್ದೇ.

ಪಂಪು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಯೂಫು ಅದಕ್ಕೆ ಗುದ್ದಿದ. ಅದು ಮತ್ತೆ ಓಡಿತು, ಆದರೆ ನರಳುತ್ತಾ.

ಅಂದು ಸಂಜೆ ನಾಲ್ಕಕ್ಕೆ ತೈಪೆಯಿಂದ ಸಮಿತಿ ಬರುವುದಿತ್ತು. ಆಹಾರ ಮುಟ್ಟದೆ ಕಾಯುವ ಪರೀಕ್ಷೆಯಲ್ಲಿ ಬೊಂಡಾಸ ಅವರ ಕಣ್ಣೆದುರು ಗೆದ್ದರೆ ಯೂಫುವಿನ ನೌಕರಿ ಮುಂದುವರಿಯುತ್ತದೆ. ಸೋತರೆ ಮಾರುಕಟ್ಟೆಯಲ್ಲಿ ಸೋದರಮಾವನ ಬೊಂಡಾಸ ಸೂಪಿನ ಅಂಗಡಿಯೇ ಗತಿ. ಅಲ್ಲಿ ಇವೇ ಜೀವಿಗಳನ್ನು ದಿನಕ್ಕೆ ಇನ್ನೂರರಂತೆ ಹೆಚ್ಚಬೇಕು. ಅದೊಂದು ಅವನಿಂದ ಆಗದ ಕೆಲಸ.

ಗುಡ್ಡ ಇಳಿದು ಅಂಗಡಿಗೆ ಓಡಿದ.

"ಹಸಿರು ಒಂದೂ ಇಲ್ಲಪ್ಪ. ಆಸ್ಪತ್ರೆಗೆ ಹೊಸ ಯಂತ್ರ ಬಂದಿದೆಯಂತೆ, ಎಲ್ಲಾ ಅವರೇ ಹೊತ್ಕೊಂಡು ಹೋದ್ರು. ಕೆಂಪು ಕೊಡ್ಲಾ?" ಎಂದಳು ಅಂಗಡಿಯವಳು.

"ಅಯ್ಯೋ, ಕೆಂಪಿಟ್ರೆ ಓಡ್ತಿರೋ ಪಂಪೂ ನಿಂತ್ಹೋಗತ್ತೆ!"

ಬೇರೆ ದಾರಿ ಕಾಣದೆ ಖಾಲಿ ಪೊಟ್ಟಣಕ್ಕೆ ನೀರು ಸೋಸುವ ಹತ್ತಿ ತುಂಬಿ, ಅಂಟು ಹಚ್ಚಿ, ಮೊದಲಿನ ಜಾಗದಲ್ಲಿಟ್ಟ.

ಎಂಟಕ್ಕೆ ಅವನ ಹಿರಿಯ ಸಹೋದ್ಯೋಗಿ ಸಿಂಗ್‌ಜೂ ಬಂದಳು. "ಏನೋ ಇದು, ಪಂಪು ಹಿಂಗೆ ಗೊರಕೆ ಹೊಡೀತಿದೆ?"

"ತೇವ ಜಾಸ್ತಿ ಅಕ್ಕ."

"ಕೀಲುಂಗಲ್ಲಿ ತೇವ ಇಲ್ದಿರೋ ದಿನ ಯಾವ್ದೋ? ಅದಿರ್ಲಿ, ಎರಡು, ಐದು, ಒಂಬತ್ತು... ಎಲ್ಲದರ ಬೆನ್ನ ಮೇಲೂ ಚೌಕ ಯಾಕೆ ಬಂದಿದೆ? ಎಲ್ಲಾ ನಿನ್ನ ಕಡೆಗೇ ತಿರುಗಿವೆಯಲ್ಲೋ!"

ಯೂಫು ಬಲಕ್ಕೆ ಸರಿದ. ಹನ್ನೆರಡೂ ಬಲಕ್ಕೆ ತಿರುಗಿದವು. ಎಡಕ್ಕೆ ಬಂದ. ಅವೂ ಬಂದವು. ಸಿಂಗ್‌ಜೂ ತೋಳಿನ ರೋಮ ನೇವರಿಸಿಕೊಂಡು ಹೊರಗೆ ಹೋಗಿಬಿಟ್ಟಳು.

ಮಧ್ಯಾಹ್ನ ಕಸ ಗುಡಿಸುವ ಆಹುವಾ ಚಿಕ್ಕಮ್ಮ ಧೂಳೊರೆಸಲು ಪೊಟ್ಟಣ ಎತ್ತಿದಳು.

"ಹತ್ತು ವರ್ಷದಿಂದ ಒರೆಸ್ತಿದೀನಿ, ಇಷ್ಟು ಮೆತ್ತಗೆ ಯಾವತ್ತೂ ಇರ್ಲಿಲ್ಲ ಮಗಾ. ಒಳಗೆ ಏನೋ ಸತ್ತಿರೋ ಹಂಗಿದೆ."

"ಹೊಸ ನಮೂನೆ ಚಿಕ್ಕಮ್ಮ, ಇಟ್ಬಿಡಿ!"

"ನೀನ್ಯಾಕೆ ಬೆವರ್ತಿದೀಯ?" ಎನ್ನುತ್ತಾ ಅವಳು ಪೊಟ್ಟಣಕ್ಕೂ ಯೂಫುವಿಗೂ ಒಟ್ಟಿಗೇ ಕೈಮುಗಿದು ಹೊರಟಳು.

ನಾಲ್ಕಕ್ಕೆ ಸಮಿತಿ ಬಂತು. ಅದರ ಹಿರಿಯ ಝುವಾಂಗ್ ನಗುವೇ ಇಲ್ಲದ ಮನುಷ್ಯ. ಸಂಶೋಧನಾಲಯದ ಮುಖ್ಯಸ್ಥೆ ಪ್ರೊಫೆಸರ್ ಷಿಯೆ ಮೇಡಂ ವಿವರಿಸಿದರು: "ಬೊಂಡಾಸಕ್ಕೆ ಲೆಕ್ಕ ಎಣಿಸೋಕೆ ಬರತ್ತೆ ಅನ್ನೋದು ಹಳೇದಾಯ್ತು ಸರ್. ಕನಸು ಕಾಣತ್ತಾ ಅಂತ ಈಗ ಎಲ್ಲರೂ ರಾತ್ರಿಯಿಡೀ ಕ್ಯಾಮೆರಾ ಇಡ್ತಿದಾರೆ, ನಾವೂ ಇಟ್ಟಿದೀವಿ. ನಮ್ಮ ಹೆಚ್ಚುಗಾರಿಕೆ ಅಂದ್ರೆ ತಾಳ್ಮೆ."

ಏಳನೆಯದರ ಮುಂದೆ ಸತ್ತ ಸೀಗಡಿಯ ತುಂಡಿಟ್ಟರು. ಅದನ್ನು ಮುಟ್ಟದೆ ಎರಡು ನಿಮಿಷ ಕಾದರೆ ಬಾಗಿಲು ತೆರೆದು ಜೀವಂತ ಸೀಗಡಿ ಸಿಗುತ್ತದೆ. ಬಾಗಿಲಿನ ದಾರ ಯೂಫುವಿನ ಕೈಯಲ್ಲಿತ್ತು. ಬೊಂಡಾಸ ತುಂಡಿನ ಕಡೆ ನೋಡಲೇ ಇಲ್ಲ, ಯೂಫುವನ್ನೇ ನೋಡುತ್ತಾ ಎರಡು ನಿಮಿಷ ಅಲುಗದೆ ನಿಂತಿತು. ಬಾಗಿಲು ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯೂಫುವಿಗೆ ಅಳುವೇ ಬಂತು, ಅಷ್ಟು ಸಂತೋಷ.

"ಆ ಬಿಳಿ ಚೌಕ ಯಾವಾಗ ಶುರುವಾಯ್ತು?" ಝುವಾಂಗ್ ಕೇಳಿದರು.

"ರಾತ್ರಿಯ ಚಿತ್ರದಲ್ಲಿ ನೋಡೋಣ ಸರ್," ಎಂದು ಮೇಡಂ ಪರದೆ ಹಚ್ಚಿದರು.

ಕ್ಯಾಮೆರಾ ಆರಿಸಿದ್ದು ತಿಂದ ಮೇಲೆ ಎಂಬುದು ಯೂಫುವಿಗೆ ಆಗ ನೆನಪಾಯಿತು. ಪರದೆಯ ಮೇಲೆ ಅವನೇ ಬಂದ. ಪೊಟ್ಟಣ ನೋಡಿದ, ಹರಿದ, ಕಣ್ಣು ಮುಚ್ಚಿಕೊಂಡು ತಿಂದ. ಅವನ ಬೆನ್ನ ಹಿಂದಿನ ಕತ್ತಲಲ್ಲಿ ಹನ್ನೊಂದು ಬಿಳಿ ಚೌಕಗಳು ಒಂದೊಂದಾಗಿ ಹೊತ್ತಿಕೊಂಡವು. ಏಳನೆಯದು ಮಾತ್ರ ಅವನು ತಿರುಗುವವರೆಗೆ ಕಾದಿತ್ತು.

ಸಿಂಗ್‌ಜೂ ಪೊಟ್ಟಣ ಹಿಸುಕಿದಳು. ಹತ್ತಿ ಹೊರಬಂತು.

"ಏಳನೆಯದು ಎರಡು ನಿಮಿಷ ಕಾದಿದೆ. ಇವ್ರು ಪೊಟ್ಟಣ ನೋಡಿದ್ಮೇಲೆ ಎಷ್ಟು ಕಾದ್ರು?" ಎಂದರು ಝುವಾಂಗ್.

"ಹನ್ನೊಂದು ಸೆಕೆಂಡ್ ಸರ್," ಎಂದರು ಮೇಡಂ.

"ಕಾಯಲಾರದ ಮನುಷ್ಯನನ್ನ ಬೊಂಡಾಸ ಗುರುತು ಹಿಡಿಯತ್ತೆ! ಇದನ್ನ ಇನ್ನೂ ಯಾರೂ ಮಾಡಿಲ್ಲ. ಇವ್ರ ನೌಕರಿ ಮೂರು ವರ್ಷ ಮುಂದುವರಿಸಿ," ಎಂದರು ಝುವಾಂಗ್.

"ತುಂಬಾ ಉಪಕಾರ ಸರ್! ದಾರ ನಾನೇ ಎಳೀತೀನಿ..."

"ದಾರ ಬೇರೆಯವರು ಎಳೀತಾರೆ. ಕುರ್ಚಿ ಮೇಲೆ ನೀವು ಕೂತ್ಕೊಳ್ಳಿ."

ಪರೀಕ್ಷೆ ಆಗಲೇ ಶುರುವಾಯಿತು. ಹಸಿದ ಯೂಫುವಿನ ಮುಂದೆ ಸಮಿತಿಯ ಕಾರಿನಿಂದ ತಂದ ಹಸಿರು ಪೊಟ್ಟಣ ಇಟ್ಟರು. ಅದನ್ನು ಒಡೆಯದೆ ಒಂದು ಗಂಟೆ ಕಾದರೆ ಇನ್ನೂ ರುಚಿಯಾದದ್ದು ಸಿಗುತ್ತದೆಂದರು. ಹಲ್ಲು ಕಚ್ಚಿಕೊಂಡು ಕಾದ. ಗಂಟೆಯಾಗುತ್ತಲೇ ಸಿಂಗ್‌ಜೂ ಮುಚ್ಚಿದ ಬಟ್ಟಲೊಂದನ್ನು ತಂದಿಟ್ಟಳು.

"ನಿಮ್ಮ ಮಾವನ ಅಂಗಡೀದೇ ಕಣೋ. ಬಿಸಿ ಬಿಸಿ ಇದೆ, ಉಣ್ಣು."

ಅವನು ಮುಚ್ಚಳ ತೆಗೆದ. ಬೊಂಡಾಸದ ಸೂಪಿನ ಹಬೆ ಕೋಣೆ ತುಂಬಿತು. ಹನ್ನೆರಡು ಬೆನ್ನುಗಳ ಬಿಳಿ ಚೌಕಗಳೂ ಒಟ್ಟಿಗೇ ಆರಿದವು. ಎಲ್ಲವೂ ಗಾಜಿನ ಹತ್ತಿರ ಬಂದು, ಬಟ್ಟಲನ್ನಲ್ಲ, ಯೂಫುವಿನ ಬಾಯನ್ನೇ ನೋಡುತ್ತಾ ಕಾಯತೊಡಗಿದವು.