ತಣ್ಣಗಾದರೂ ಬದಲಾಗದ ಜೋಡಿ

ನಾ ಮಾಡೋ ಕೆಲಸ ಏನಂತ ನಮ್ಮೂರು ಬನಹಟ್ಟಿಯಾಗ ಹೇಳಾಕ ಹೋದಾಗೆಲ್ಲ ಏನರೆ ಒಂದು ಫಜೀತಿ ಆಗೇ ಆಗತೈತಿ. ಮುಕ್ಕಾಲು ಫಜೀತಿ ನಮ್ಮ ಕಾಕಾನ ಕೃಪಾ. ಹಡೆದವರು ಲಗೂನ ತೀರಿಕೊಂಡ್ರು; ನನ್ನ ಸಾಕಿದವರು ಕಾಕಾ, ಕಾಕು. ಮನ್ಯಾಗ ಎರಡು ಮಗ್ಗ, ದಿನಾ ಎರಡು ಜಗಳ.

೧. ಮುಖ

"ಆ ಪ್ರಯೋಗಾಲಯದಾಗ ಏನ್ ಹುಡುಕ್ತೀಲೇ?" ಅಂದ ಕಾಕಾ.

"ಕೆಲವು ಲೋಹ ಭಾಳ ತಣ್ಣಗ ಮಾಡಿದ್ರ ಕರೆಂಟು ಒಂಚೂರೂ ಸೋರದಂಗ ಹರೀತೈತಿ ಕಾಕಾ. ಒಳಗ ಎಲೆಕ್ಟ್ರಾನು ಜೋಡಿ ಆಗತಾವು. ಸಾದಾ ಜೋಡಿಯಾಗ ಒಂದರ ಮುಖ ಮ್ಯಾಲ, ಒಂದರದು ಕೆಳಗ. ನಾ ಹುಡುಕೋದು ಎರಡೂ ಒಂದ ಕಡೆ ಮುಖ ಮಾಡಿರೋ ಜೋಡಿ."

ಕಾಕಾ ಮಗ್ಗ ನಿಂದ್ರಿಸಿದ. "ಅಂಥಾ ಜೋಡಿ ನಾ ಎಲ್ಲೂ ಕಂಡಿಲ್ಲ. ಸುಮ್ನ ವಾಪಸ್ ಬಾ."

ಅಡಗಿ ಮನಿಯಿಂದ ಕಾಕು ಒದರಿದಳು: "ಲಗ್ನದ ಫೋಟೋದಾಗ ಮಾಡೇವಲ್ಲ!"

೨. ಪೇಢೆ

ಜೋಡಿ ಎಂಥಾದು ಅಂತ ಪರೀಕ್ಷಾ ಮಾಡೋದು ಎನ್‌ಎಂಆರ್ ಮಿಶನ್. ದೊಡ್ಡ ಅಯಸ್ಕಾಂತದಾಗ ಲೋಹದ ಚೂರು ಇಟ್ಟು ರೇಡಿಯೋ ತರಂಗದಿಂದ ಬಡೀತೀವಿ, ಪರಮಾಣುವಿನ ಬೀಜ ತಿರುಗಿ ದನಿ ಕೊಡತೈತಿ. ತಣ್ಣಗಾದಾಗ ದನಿಯ ಶ್ರುತಿ ಜಾರಿದ್ರ ಸಾದಾ ಜೋಡಿ, ಜಾರದಿದ್ರ ನಾ ಹುಡುಕೋ ಜೋಡಿ.

ಒಮ್ಮಿ ದನಿ ಜಾರಲೇ ಇಲ್ಲ! ಫೋನ್ ಮಾಡಿದೆ. ಕಾಕಾ ಇಡೀ ಓಣಿಗೆ ಪೇಢೆ ಹಂಚಿದ.

ಆಮ್ಯಾಲ ಗೊತ್ತಾತು, ನಾವ ಬಡದ ತರಂಗದ ಕಾವಿಗೆ ಚೂರು ಬೆಚ್ಚಗಾಗಿ, ಒಳಗ ಜೋಡೀನ ಆಗಿರಲಿಲ್ಲ. ಮೆತ್ತಗ ಬಡದ್ರ ದನಿ ಜಾರಿತು. ನೋಡೋವರ ಕಾವು, ಲೋಹದ್ದಂತ ತಿಳಕೊಂಡಿದ್ವಿ. ನಾಚಿಕಿಯಿಂದ ಕಾಕಾಗ ಹೇಳಿದೆ.

"ಇರಲಿ ಬಿಡಪಾ. ತಿಂದ ಪೇಢೆ ಯಾರೂ ವಾಪಸ್ ಕೊಡಂಗಿಲ್ಲ," ಅಂದ. "ಖರೆ ಜೋಡಿ ಸಿಕ್ಕಾಗ ಮತ್ತ ಹಂಚೋಣು."

೩. ಮುಷ್ಟಿ

ಆ ವರ್ಷನ ಕಾಕಾನ ತಲಿಯಾಗ ಗಂಟು ಐತೇನೋ ಅಂತ ಡಾಕ್ಟರಿಗೆ ಸಂಶಯ ಬಂತು. ಎಂಆರ್‌ಐ ಮಾಡಸ್ರಿ ಅಂದ್ರು; ಅದು ನನ್ನ ಮಿಶನ್ನಿನ ಖಾಸಾ ತಮ್ಮ.

"ಕೊಳ್ಳಾಗಿನ ಲಿಂಗದ ಕರಡಿಗಿ ತೆಗೀರಿ ಅಜ್ಜಾರ, ಒಳಗ ಲೋಹ ನಡ್ಯಂಗಿಲ್ಲ," ಅಂದ ಮಿಶನ್ ನಡಸಾವ.

"ಲಿಂಗ ಮೈಮ್ಯಾಲಿಂದ ಇಳಸಂಗಿಲ್ಲ!" ಕಾಕಾ ಎದ್ದು ಹೊಂಟೇ ಬಿಟ್ಟ. ನಾ ಎಷ್ಟ ಹೇಳಿದರೂ ಕೇಳಲಿಲ್ಲ. ಕಡೀಕ ಕಾಕು ಅಂಗೈ ಚಾಚಿದಳು. "ನನ್ನ ಕೈಯಾಗ ಕೊಡ್ರಿ. ನೀವು ಬರೂತನಾ ಮುಷ್ಟಿ ಬಿಚ್ಚಂಗಿಲ್ಲ."

ಬಿಚ್ಚಲೂ ಇಲ್ಲ. ಹೊರಗ ಬಂದ ಕಾಕಾ ಅಂದ: "ಲಗ್ನಾದಾಗಿಂದ ಇದ ಮೊದಲು, ಹೇಳಿದ ಮಾತು ನಡಸ್ಯಾಳ."

ರಿಪೋರ್ಟ್ ಮಾತ್ರ ಛಲೋ ಇರಲಿಲ್ಲ.

೪. ಕಾವು

ನಮ್ಮ ಲಿಂಗಾಯತರಾಗ ತೀರಿಕೊಂಡವರನ್ನ ಮಲಗಸಂಗಿಲ್ಲ. ಗ್ವಾಡಿಗೆ ಆನಿಸಿ ಕೂಡಿಸಿ, ಎಡಗೈಯಾಗ ಲಿಂಗ ಇಡತಾರ. ಕಾಕಾನ್ನೂ ಹಂಗ ಕೂಡಿಸಿದ್ರು. ಕಾಕು ಬಾಜೂಕ ಕುಂತು ಅವನ ಆ ಕೈ ತನ್ನ ಎರಡೂ ಕೈಯಾಗ ಮುಚ್ಚಿ ಹಿಡದಿದ್ದಳು. ಒಯ್ಯಾಕ ಮಂದಿ ಬಂದ್ರು.

"ತಡೀರಿ! ಕೈ ಇನ್ನೂ ಬೆಚ್ಚಗೈತಿ. ನೀನ ನೋಡೋ, ಶ್ಯಾಣ್ಯಾ!"

ಮುಟ್ಟಿದೆ. ಖರೇನ ಬೆಚ್ಚಗಿತ್ತು. ಯಾರ ಕಾವು ಅಂತ ನನಗ ಗೊತ್ತಿತ್ತು.

"ಹೌದು ಕಾಕು, ಬೆಚ್ಚಗೈತಿ," ಅಂದೆ. ಅಳು ತಡಕೊಳ್ಳಾಕ ಆಗಲಿಲ್ಲ.

ಅಕಿ ಒಮ್ಮಿ ಕಾಕಾನ ಕಡೆ, ಒಮ್ಮಿ ಎದುರಿನ ಬಾಗಲದ ಕಡೆ ನೋಡಿದಳು. ಇಬ್ಬರೂ ಬಾಗಲಕ್ಕ ಮುಖ ಮಾಡಿ ಕುಂತಿದ್ರು. ಕಣ್ಣೀರಾಗ ನಕ್ಕಳು.

"ನೀ ಹುಡುಕೋ ಜೋಡಿ ಸಿಕ್ತಲ್ಲೋ ತಮ್ಮಾ," ಅಂದಳು. "ಪೇಢೆ ಹಂಚೋರು ಎದ್ದು ಹೊಂಟ್ರು ನೋಡು."