ಅವ್ವನ ಲಾಟೀನು

ಶಿಸ್ತಿನ ಮನುಷ್ಯನ ಮನೆಯಲ್ಲಿ ಏನೂ ಕಳೆದುಹೋಗುವುದಿಲ್ಲ ಎಂದು ನಂಬಿದವನು ನಾನು. ಓದಿದ್ದು ಪಾದ್ರಿಗಳ ಬೋರ್ಡಿಂಗಿನಲ್ಲಿ, ದುಡಿದದ್ದು ಹಾಸ್ಟೆಲಿನ ವಾರ್ಡನ್ ಆಗಿ. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಉಣ್ಣು. ನಿವೃತ್ತನಾಗಿ ರಾಮನಗರದಲ್ಲಿ ನೆಲೆಸಿದ ಮೇಲೆ ಗಂಟೆಯ ಕೆಲಸವನ್ನು ಹೆಂಡತಿ ಫಿಲೋಮಿನಳ ಕುಕ್ಕರಿಗೆ ವಹಿಸಿದ್ದೇನೆ. ಕನ್ನಡಕಕ್ಕೊಂದು ಜಾಗ, ಬೀಗದ ಕೈಗೊಂದು ಮೊಳೆ, ಚಪ್ಪಲಿಗೊಂದು ಮೂಲೆ. ಇಷ್ಟೆಲ್ಲ ಇದ್ದೂ ಹೋದ ಅಕ್ಟೋಬರಿನಲ್ಲಿ ಒಂದು ಸಾಮಾನು ಕಾಣೆಯಾಗಿರುವುದು ಗೊತ್ತಾಯಿತು. ಅದು ನಮ್ಮವ್ವನ ಲ್ಯಾಟಿನ್.

ಪತ್ತೆ ಹಚ್ಚಿದವಳು ಕನಕಪುರದ ಕಡೆಯ ನಮ್ಮ ಹಳ್ಳಿಯಲ್ಲಿರುವ ಅಕ್ಕ ಚೌರಮ್ಮ. ಫೋನಿನಲ್ಲಿ ಕ್ಷೇಮ ಸಮಾಚಾರದ ಪೀಠಿಕೆ ಅವಳಿಗೆ ಆಗಿಬರುವುದಿಲ್ಲ. "ಲೇ ಅಂತೋಣಿ, ಸತ್ತೋರ ಹಬ್ಬ ಬತ್ತೈತೆ. ಈ ಸಲ ಅವ್ವನ ಸಮಾಧಿ ತಾವ ಅವಳ ಲಾಟೀನೇ ಯೇಳ್ಬೇಕು ಅಂತ ಆಸೆ. ಒಬ್ಬೊಬ್ಬ ಸಂತರ ಎಸರಿಗೂ ಒಂದೇ ಮಾತು ಯೇಳ್ತಿದ್ಲಲ್ಲ, ಅದು ಮರ್ತೇ ಓಗೈತೆ ಕಣ್ಲಾ. ನಿಂಗೆ ನೆಪ್ಪೈತಾ?"

"ಇಲ್ಲದೆ ಏನು? 'ಓರಾ ಪ್ರೋ ನೋಬಿಸ್.' ನಮಗಾಗಿ ಪ್ರಾರ್ಥಿಸಿರಿ ಅಂತ ಅರ್ಥ," ಎಂದೆ.

"ಥೂ, ಅದು ಸ್ವಾಮಿಗಳ ಲಾಟೀನು. ನಾನ್ ಕೇಳಿದ್ದು ಅವ್ವಂದು. ಒಸಿ ಬಿರ್ರನೆ ಉಡುಕ್ಲಾ. ಮುಂದಿನ ವರ್ಸ ನಾನೂ ಮಣ್ಣೊಳಗೇ ಇದ್ದು ಕೇಳುಸ್ಕೋಬೇಕೋ ಏನೋ."

ನಾನು ಎಷ್ಟು ಹುಡುಕಿದರೂ ಬಾಯಿಗೆ ಬಂದದ್ದು ಸ್ವಾಮಿಗಳದ್ದೇ, ಅಂದರೆ ಪಾದ್ರಿಗಳದ್ದೇ. ಬೋರ್ಡಿಂಗಿನವರು ಶುದ್ಧ ಪಾಠವನ್ನು ಅಷ್ಟು ಗಟ್ಟಿಯಾಗಿ ಮೇಲೆ ಬಳಿದಿದ್ದರು. ಅವ್ವನದು ಅದರ ಕೆಳಗೆಲ್ಲೋ ಸಿಕ್ಕಿಕೊಂಡಿತ್ತು.

ನಮ್ಮ ಚಿಕ್ಕಂದಿನಲ್ಲಿ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ. ಸಂಜೆ ಅವ್ವ ರೇಷ್ಮೆ ಹುಳುಗಳಿಗೆ ಸೊಪ್ಪಿನ ಹೊರೆ ಹೊತ್ತು ತಂದು ಹಾಕಿ, ಕೈಕಾಲು ತೊಳೆದು, ಲಾಟೀನಿನ ಗಾಜು ಒರೆಸಿ ದೀಪ ಹಚ್ಚಿ ಪ್ರಾರ್ಥನೆಗೆ ಕೂರುತ್ತಿದ್ದಳು. "ಲ್ಯಾಟಿನ್ ಅಂದ್ರೇನವ್ವಾ?" ಎಂದು ಒಮ್ಮೆ ಕೇಳಿದ್ದೆ. "ಲಾಟೀನು ಅಚ್ಚಿ ಯೇಳೋ ಮಾತು, ಅದ್ಕೇ ಲಾಟೀನು," ಎಂದಳು. ನನಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಹಗಲು ಕನ್ನಡ, ದೀಪ ಹಚ್ಚಿದ ಮೇಲೆ ಲಾಟೀನು. ರೋಮಿನಲ್ಲಿ ಸೀಮೆಎಣ್ಣೆ ಯಥೇಚ್ಛವಾಗಿ ಸಿಗುತ್ತದೆ, ಅದಕ್ಕೇ ಅಲ್ಲಿಯವರು ಇಡೀ ದಿನ ಲಾಟೀನು ಮಾತಾಡುತ್ತಾರೆ ಎಂದುಕೊಂಡಿದ್ದೆ.

ಬೋರ್ಡಿಂಗಿನಲ್ಲಿ ಈ ದೀಪ ಆರಿತು. ರೋಮಿನ ಸುತ್ತಲ ಸೀಮೆಗೆ ಲಾತಿಯಂ ಎಂದು ಹೆಸರು, ಅಲ್ಲಿಯವರ ಮಾತು ಲ್ಯಾಟಿನ್ ಎಂದು ಹೇಳಿಕೊಟ್ಟರು. ಲಾತಿಯಂ ಎಂದರೆ ಬಹುಶಃ ಅಗಲವಾದ, ಸಪಾಟಾದ ಬಯಲು. ಅಲ್ಲ, ಯಾರೋ ದೇವರು ಬಂದು ಅಡಗಿಕೊಂಡ ಜಾಗ ಎಂದು ಇನ್ನೊಂದು ಕಥೆ. ಬಯಲಿನ ಮಾತೇ ನಿಜವಾದರೆ ನಮ್ಮ ರಾಮನಗರದಲ್ಲಿ ಲ್ಯಾಟಿನ್ ಹುಟ್ಟುವ ಸಂಭವವೇ ಇರಲಿಲ್ಲ. ಇಲ್ಲಿ ಎತ್ತ ತಿರುಗಿದರೂ ಬಂಡೆ. ಆದರೆ ಬಹಳ ವರ್ಷಗಳ ಮೇಲೆ ನಿಘಂಟಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ನಮ್ಮ ಲಾಟೀನಿನ ಮೂಲ ಪದ 'ಲಾಂತೆರ್ನಾ'. ಅದು ಲ್ಯಾಟಿನ್ ಪದ! ಅಂದರೆ ಲಾಟೀನಿನಿಂದ ಲ್ಯಾಟಿನ್ ಬರಲಿಲ್ಲ, ಲ್ಯಾಟಿನ್ನಿನಿಂದ ಲಾಟೀನು ಬಂತು. ಅವ್ವ ಹತ್ತಿದ್ದು ಸರಿಯಾದ ಮಾಗಡಿ ಬಸ್ಸೇ. ಅದು ಎದುರು ದಿಕ್ಕಿಗೆ ಹೊರಟಿತ್ತು, ಅಷ್ಟೆ. ಇದನ್ನು ಹೇಳಿ ಅವಳನ್ನು ನಗಿಸೋಣವೆಂದರೆ ಅಷ್ಟು ಹೊತ್ತಿಗೆ ಅವಳಿರಲಿಲ್ಲ.

ಅಕ್ಕನ ಅಪ್ಪಣೆಯಾದ ಮೇಲೆ ನನ್ನ ದಿನಚರಿ ಕೆಟ್ಟಿತು. ವಾಕಿಂಗಿನಲ್ಲಿ ಗೊಣಗುವುದು, ಊಟದಲ್ಲಿ ಗೊಣಗುವುದು. ಫಿಲೋಮಿನ ಟಿ.ವಿ.ಯಲ್ಲಿ ನೃತ್ಯ ಸ್ಪರ್ಧೆ ನೋಡುತ್ತಿದ್ದವಳು ಕರೆದಳು. "ರೀ, ಇದೂ ಲ್ಯಾಟಿನ್ ಅಂತೆ, ಬನ್ನಿ. ಸೊಂಟ ಹೆಂಗೆ ಕುಣಿಸ್ತಾರೆ ನೋಡಿ! ನಿಮ್ಮ ಪಾದ್ರಿಗಳು ಇದ್ನ ಯಾಕೆ ಕಲಿಸ್ಲಿಲ್ಲ?"

"ಅದು ಲ್ಯಾಟಿನ್ ಅಮೆರಿಕದ್ದು. ಪದ ಒಂದೇ, ಅರ್ಥ ಬೆಳೆದಿದೆ," ಎಂದು ಹೇಳಿ, ವಿವರವಾಗಿ ತೋರಿಸೋಣವೆಂದು ಬೀರುವಿನ ಕೆಳಗಿನ ಅರೆಯಿಂದ ನಿಘಂಟು ತೆಗೆಯಲು ಬಗ್ಗಿದೆ. ಸೊಂಟದಲ್ಲಿ ಛಳಕ್ ಎಂದಿತು. ಬಗ್ಗಿದವನು ಏಳಲಿಲ್ಲ. ಫಿಲೋಮಿನ ಹಿಡಿದು ನೆಲದ ಮೇಲೆ ಅಂಗಾತ ಮಲಗಿಸಿದಳು. ಅಗಲವಾಗಿ, ಸಪಾಟಾಗಿ ಬಿದ್ದುಕೊಂಡೆ, ಸಾಕ್ಷಾತ್ ಲಾತಿಯಂ. ಅವಳು ಮುಲಾಮು ತಂದು "ಎಲ್ಲಿ, ಇಲ್ಲೇನಾ?" ಎಂದು ಒತ್ತಿದಳು. ಒತ್ತಿದ ಕೂಡಲೇ ನನ್ನ ಬಾಯಿಂದ ತಾನಾಗಿ ಹೊರಟಿತು:

"ಒರಪ್ಪೋ, ನೋವಿಸ್ಟು!"

ನೋವು ಮರೆತು ಹಾಗೇ ಬಿದ್ದುಕೊಂಡೆ. ಅದೇ! ಅವ್ವ ಹೇಳುತ್ತಿದ್ದದ್ದು ಅದೇ. ಸ್ವಾಮಿಗಳು ಸಂತರ ಹೆಸರು ಹೇಳಿದಂತೆಲ್ಲ ಅವಳು ಕಣ್ಣು ಮುಚ್ಚಿ, "ಒರಪ್ಪೋ, ನೋವಿಸ್ಟು." ಹೊರಪ್ಪಾ, ನೋವಿಷ್ಟು. ದಿನವಿಡೀ ಸೊಪ್ಪಿನ ಹೊರೆ ಹೊತ್ತವಳು, ಇದೊಂದಿಷ್ಟು ನೀನು ಹೊರು ಎಂದು ಒಬ್ಬೊಬ್ಬ ಸಂತರಿಗೂ ಹಂಚುತ್ತಿದ್ದಳು. ಗುಡಿಯ ತುಂಬ ಜನ ಒಟ್ಟಿಗೆ ಹೇಳುವಾಗ ಸ್ವಾಮಿಗಳ ಕಿವಿಗೆ ವ್ಯತ್ಯಾಸ ಬಿದ್ದಿರಲಾರದು. ಸಂತರಿಗೆ ಬಿದ್ದಿರಬೇಕು.

ಮಲಗಿದಲ್ಲೇ ಅಕ್ಕನಿಗೆ ಫೋನ್ ಮಾಡಿಸಿದೆ. "ಒಬ್ಬ ಸಂತರ ಹೆಸರು ಹೇಳಕ್ಕಾ," ಎಂದೆ.

"ಯಾಕ್ಲಾ? ನಿನ್ನೆಸರಿನೋರನ್ನೇ ತಕ್ಕೋ. ಸಂತ ಅಂತೋಣಿ..."

"ಒರಪ್ಪೋ, ನೋವಿಸ್ಟು."

ಆ ಕಡೆಯಿಂದ ಮೂಗು ಎಳೆದುಕೊಳ್ಳುವ ಶಬ್ದ ಕೇಳಿಸಿತು. "ಅವ್ವ ಕ್ವಾಣೆ ಒಳಗ್ಲಿಂದ ಕೂಗ್ದಂಗಾಯ್ತು ಕಣ್ಲಾ," ಎಂದಳು. ತಕ್ಷಣ ಧಾಟಿ ಬದಲಿಸಿ, "ಇಷ್ಟು ಓದಿದ್ದೀಯ, ಇದಕ್ಕೆ ಇಷ್ಟು ದಿನ ಬೇಕಾಯ್ತಾ?" ಎಂದು ಗದರಿದಳು.

ಹಬ್ಬದ ದಿನ ಸಮಾಧಿಯ ಮುಂದೆ ನನಗೆ ಮಂಡಿಯೂರಲು ಆಗಲಿಲ್ಲ. "ನಿಂತ್ಕೊಂಡೇ ಯೇಳ್ಲಾ, ಅವ್ವ ಏನೂ ಅನ್ಕೊಳಲ್ಲ," ಎಂದಳು ಅಕ್ಕ. ಅವಳು ತನಗೆ ನೆನಪಿದ್ದ ಸಂತರನ್ನೆಲ್ಲ ಕರೆದಳು, ಪ್ರತಿ ಹೆಸರಿಗೂ ಇಬ್ಬರೂ ಅವ್ವನ ಮಾತು ಹೇಳಿದೆವು. ಪಕ್ಕದ ಸಮಾಧಿಗೆ ಬಂದಿದ್ದವರು ತಿರುಗಿ ನೋಡಿದರು. ಮೇಣದಬತ್ತಿ ಗಾಳಿಗೆ ನಿಲ್ಲುವುದಿಲ್ಲವೆಂದು ಅಕ್ಕ ಅಟ್ಟದಿಂದ ಹಳೆಯ ಲಾಟೀನನ್ನೇ ಇಳಿಸಿ ತಂದಿದ್ದಳು.

ಈಗ ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲೂ ನನ್ನ ಬಾಯಿಗೆ ಅದೇ ಬರುತ್ತದೆ. ಮೊನ್ನೆ ಫಿಲೋಮಿನ ನಡುವೆ ನಿಲ್ಲಿಸಿ, "ಅದು 'ಓರಾ ಪ್ರೋ ನೋಬಿಸ್' ಅಲ್ವಾ? ಮದುವೆಯಾದಾಗಿನಿಂದ ನನ್ನ ತಿದ್ದಿದೋರು ನೀವೇ," ಎಂದಳು.

"ಅದು ಸೊಂಟ ನೆಟ್ಟಗಿರುವವರ ಲ್ಯಾಟಿನ್ ಕಣೆ," ಎಂದೆ.